ಎರಡನೆಯ ಚಾವಿ

ಹಳೇ ಕ್ಯಾಂಪು, ಶಹಾಪುರ ತಾಲೂಕು
ಭಾನುವಾರ, ೯ ಫೆಬ್ರವರಿ ೨೦೧೪

ಮಗಳೇ ರೇಣಾ,

ಹೂಂ ಅಂದೆನಲ್ಲ, ನಿನ್ನೆ ನೀನು ಕೇಳಿದ್ದಕ್ಕೆ. "ಅಪ್ಪಾ, ಗಾಡಿ ನೀನೇ ಹೊಡಕೊಂಡು ಬರ್ತೀ ಹೌದಿಲ್ಲೊ?" ಎಂದು ನೀನು ಕೇಳಿದೆ, ನಾನು ಹೂಂ ಅಂದೆ, ಅಷ್ಟರಲ್ಲಿ ಲೈನು ಕಟ್ಟಾಯಿತು. ಅದು ತಾನಾಗಿ ಕಟ್ಟಾಗಲಿಲ್ಲವ್ವ. ನಾನೇ ಕಟ್ ಮಾಡಿದೆ. ನಿಮ್ಮ ಮನೆಯಲ್ಲಿ ಫೋನು ಎತ್ತಿದ ಕೂಡಲೇ ಸ್ಪೀಕರ್ ಹಾಕುವ ರೂಢಿ. ನಿನ್ನ ಅತ್ತೆ ದೇವಕಮ್ಮನವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ನೀನು ಕೇಳಿದಾಗ ಆ ರೊಟ್ಟಿಯ ಸಪ್ಪಳ ನಿಂತದ್ದು ನನಗಿಲ್ಲಿ ಕೇಳಿಸಿತು. ಅದಕ್ಕೇ ಈ ಕಾಗದ. ನಾಳೆ ಬೆಳಗಿನ ಗುರುಮಠಕಲ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬೇಸನ್ ಉಂಡಿಯ ಡಬ್ಬಿ ಕೊಡುತ್ತೇನೆ, ಕಾಗದ ಅದರ ತಳಕ್ಕೆ ಇರುತ್ತದೆ. ಒಬ್ಬಳೇ ಇದ್ದಾಗ ಓದು. ಅತ್ತೆಯವರಿಗೆ ಉಂಡಿ ಮಾತ್ರ ತೋರಿಸು.

ನೋಡು, ಕ್ಷೇಮ ಕೇಳುವುದು ಬಿಟ್ಟು ನಡುವಿನಿಂದಲೇ ಹಿಡಿದುಕೊಂಡೆ. ಕಾಲಿನ ಬಾವು ಇಳಿಯಿತೇ? ಕಬ್ಬಿಣದ ಗುಳಿಗೆ ನುಂಗಿದರೆ ಬಾಯಿ ಕೆಡುತ್ತದೆ ಎಂದು ಕಿಟಕಿಯಿಂದ ಆಚೆ ಎಸೆಯಬೇಡ, ನಿನ್ನ ಸಣ್ಣಂದಿನ ಚಾಳಿ ನನಗೆ ಗೊತ್ತು. ಒಳಗಿನದು ಒದೆಯುತ್ತದೆಯೇ? ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮವ್ವ ಸುಂದ್ರಮ್ಮ ಹೇಳುತ್ತಿದ್ದಳು, ಕಾಲುವೆಗೆ ನೀರು ಬಿಟ್ಟ ದಿನ ನೀನು ಹೆಚ್ಚು ಹೊರಳಾಡುತ್ತಿದ್ದೆಯಂತೆ. ಅಳಿಯ ಖಂಡಪ್ಪನವರಿಗೆ ಕಡೇಚೂರಿನ ಫ್ಯಾಕ್ಟರಿಯಲ್ಲಿ ಈ ವಾರ ಹಗಲು ಪಾಳಿಯೋ ರಾತ್ರಿ ಪಾಳಿಯೋ? ನಾನು ಆರಾಮ ಇದ್ದೇನೆ. ನಿನ್ನ ಲಾಲಮ್ಮತ್ತೆ ಮೊನ್ನೆಯೇ ಸುರಪುರದಿಂದ ಬಂದಿಳಿದಿದ್ದಾಳೆ. ಬಾಣಂತಿಯ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ, ನನ್ನ ಮಂಚ ಎತ್ತಿ ಪಡಸಾಲೆಗೆ ಹಾಕಿದ್ದಾಳೆ. ಅಜವಾನ, ಕುಳ್ಳು, ಎಣ್ಣೆ, ಹಳೆ ಸೀರೆ ಎಲ್ಲ ಬಂದು ಬಿದ್ದಿವೆ. ನೀನೊಬ್ಬಳು ಬರುವುದು ಬಾಕಿ. ತಂಗಿ ಅಂದರೆ ಹೀಗಿರಬೇಕು, ಮನೆಯ ಯಜಮಾನನನ್ನೇ ಹೊರಗೆ ಹಾಕುವವಳು.

ನಾನೀಗ ಗಾಡಿಯ ಒಳಗೆ ಕುಳಿತು ಬರೆಯುತ್ತಿದ್ದೇನೆ. ಮನೆಯೊಳಗೆ ಲಾಲಮ್ಮ ಒಂದು ಅಕ್ಷರ ಬರೆಯಲು ಬಿಡುವುದಿಲ್ಲ, ಹೆಗಲ ಮೇಲಿಂದ ಹಣಿಕಿ ಹಾಕುತ್ತಾಳೆ. ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದೇನೆ. ಸ್ಟೇರಿಂಗಿಗೆ ರಟ್ಟು ಆನಿಸಿದರೆ ಒಳ್ಳೆ ಮೇಜು. ನಿನಗೆ ಗಾಡಿಯ ವಿವರ ಪೂರ್ತಿ ಹೇಳಿಯೇ ಇಲ್ಲ. ಬೆಳ್ಳಿ ಬಣ್ಣ, ಏಳು ಮಂದಿ ಕೂರಬಹುದು, ಜೀಪಿನಷ್ಟು ಎತ್ತರ, ಆದರೆ ಒಳಗೆ ಕಾರಿನ ಹಾಗೆ ಮೆತ್ತಗಿದೆ. ಹಿಂದಿನ ಬಾಗಿಲು ತೆಗೆದರೆ ಮುದುಕರು ಏಳುವಾಗ ನರಳಿದ ಹಾಗೆ ನರಳುತ್ತದೆ. ಎಸಿ ಎಡಗಡೆಗೆ ಮಾತ್ರ ತಂಪು, ಆದ್ದರಿಂದ ನೀನು ಎಡಗಡೆ ಕೂರಬೇಕು. ಒಳಗೆ ಅತ್ತರಿನ ವಾಸನೆ, ಅದರ ಕೆಳಗೆ ಸ್ವಲ್ಪ ಔಷಧದ ವಾಸನೆ. ಮುಂದಿನ ಗಾಜಿನ ಮೇಲೆ ಅವರು ಅಂಟಿಸಿದ ೭೮೬ ಹಾಗೇ ಇದೆ, ಅದರ ಕೆಳಗೆ ಲಾಲಮ್ಮ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದ್ದಾಳೆ. ಸೆಕೆಂಡ್ ಹ್ಯಾಂಡ್ ಆದರೂ ಕಂಡಿಷನ್ ಫಸ್ಟ್ ಕ್ಲಾಸ್.

ಅವರು ಅಂದರೆ ಯಾರು ಅಂದುಕೊಂಡೆ? ಮೈನುದ್ದೀನ. ನಾನು ಕಾಲುವೆಯ ವರ್ಕ್ ಇನ್‌ಸ್ಪೆಕ್ಟರ್ ಇದ್ದಾಗ ಇಲಾಖೆಯ ಜೀಪು ಹೊಡೆಯುತ್ತಿದ್ದನಲ್ಲ, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾರ್ನು ಒತ್ತಿಸುತ್ತಿದ್ದನಲ್ಲ, ಅವನೇ. ಈಗ ರಂಗಂಪೇಟೆಯಲ್ಲಿದ್ದಾನೆ. ಸಕ್ಕರೆ ಕಾಯಿಲೆಗೆ ಬಲಗಾಲು ಹೋಯಿತು. ಕಾಲು ಹೋದ ಮೇಲೆ ಗಾಡಿ ಹೊಡೆದವಳು ಅವನ ಹೆಂಡತಿ ಗೌಹರಬೇಗಂ. ಬ್ಲೌಸು ಹೊಲಿಯುವ ಹೆಣ್ಣುಮಗಳು, ಗಂಡನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕಲಬುರಗಿಯ ಆಸ್ಪತ್ರೆಗೆ ಎಷ್ಟು ಸಲ ಓಡಾಡಿದಳೋ. ಇನ್ನು ಆಸ್ಪತ್ರೆಯ ಓಡಾಟ ಇಲ್ಲ, ಗಾಡಿ ನಿಂತಲ್ಲೇ ತುಕ್ಕು ಹಿಡಿಯುವುದು ಬೇಡ ಎಂದು ಮೈನುದ್ದೀನನೇ ನನಗೆ ಹೇಳಿ ಕಳಿಸಿದ. ಹೋಗಿದ್ದು ಸಂಜೆ. ಅಂಗಳದಲ್ಲಿ ಸ್ಟೂಲಿನ ಮೇಲೆ ಚಹಾ ಇಟ್ಟರು, ನಾನು ಕೈ ಚಾಚಿದೆ, ಕಪ್ಪು ಉರುಳಿ ಬಿತ್ತು. "ಹೋಗ್ಲಿ ಬಿಡ್ರಿ ಭಾಯಿ," ಎಂದು ಗೌಹರಬೇಗಂ ಇನ್ನೊಂದು ಕಪ್ಪು ತಂದು ಈ ಸಲ ನನ್ನ ಕೈಗೇ ಕೊಟ್ಟಳು. ಮೈನುದ್ದೀನ ಚಾವಿಯನ್ನು ಟವೆಲ್ಲಿನಲ್ಲಿ ಸುತ್ತಿ, ಎತ್ತು ಮಾರುವವರ ಹಾಗೆ ಎರಡೂ ಕೈಯಿಂದ ಕೊಟ್ಟ. ಕೊಡುವಾಗ ಮುಖ ಆಚೆ ತಿರುಗಿಸಿದ. ಗಾಡಿಗೆ ಎರಡು ಚಾವಿ ಇರಬೇಕಲ್ಲ, ಇನ್ನೊಂದು ಎಲ್ಲಿ ಎಂದು ಕೇಳಿದೆ. "ಎಲ್ಲೋ ಕಳದದ್ರಿ. ಹುಡುಕಿ ಕೊಡ್ತೀನಿ," ಎಂದಳು ಗೌಹರಬೇಗಂ. ಆಮೇಲೆ ಮೂರ್ನಾಲ್ಕು ಸಲ ಕೇಳಿದೆ. ಅದೇ ಉತ್ತರ. ಎಷ್ಟು ಹಳೆಯ ಪರಿಚಯವಿದ್ದರೂ ಕೊಂಡವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಯಾರ ಕೈಯಲ್ಲೋ ನನ್ನ ಗಾಡಿಯ ಚಾವಿ ಇದೆ ಎಂಬ ಯೋಚನೆ ಒಳ್ಳೆಯದಲ್ಲ.

ಗಾಡಿ ಯಾಕೆ ಕೊಂಡೆ ಎಂದು ನಿನಗೆ ಹೇಳಬೇಕಾಗಿಲ್ಲ. ಹಿಂದಿನ ಸಲದ್ದನ್ನು ನಾವಿಬ್ಬರೂ ಬಾಯಿ ಬಿಟ್ಟು ಆಡಿಲ್ಲ, ಈಗಲೂ ಆಡುವುದು ಬೇಡ. ಆದರೆ ಅಂದು ನಿಮ್ಮೂರಲ್ಲಿ ಹೆರಿಗೆಯ ಬ್ಯಾನೆ ಬಂದಾಗ ಟೆಂಪೋದವನು ತೆಲಂಗಾಣದ ಕಡೆ ಮದುವೆಗೆ ಹೋಗಿದ್ದ, ಆಟೋದವನು ಬಾಗಿಲು ತೆಗೆಯಲಿಲ್ಲ. ಯಾದಗಿರಿ ಮುಟ್ಟುವ ಹೊತ್ತಿಗೆ ಕೂಸಿನ ಉಸಿರೇ ಇರಲಿಲ್ಲ. ಹಾಗಾಗಿಯೇ ಈ ಸಲ ಸೀಮಂತದ ಕುಬಸದ ದಿನ ನಾನು ತವರಿಗೆ ಕಳಿಸಿ ಎಂದಾಗ ದೇವಕಮ್ಮನವರು ಎಲ್ಲರ ಮುಂದೆ ಕೇಳಿದರು: "ತಾಯಿ ಇಲ್ಲದ ಮನಿ ಅಂತ ನಾ ಅನ್ನಾಂಗಿಲ್ರಿ ಬೀಗರ, ನಿಮ್ಮ ತಂಗಿ ಅದಾಳ. ಆದ್ರ ಹೊತ್ತಿಲ್ಲದ ಹೊತ್ತಿನ್ಯಾಗ ಬ್ಯಾನಿ ಬಂದ್ರ ಆ ಕಾಲುವಿ ದಂಡಿ ಮ್ಯಾಗ ಯಾರದಾರ?" ಕೆಲವರಿಗೆ ಆ ಮಾತು ಚುಚ್ಚಿತು. ನನಗೆ ಚುಚ್ಚಲಿಲ್ಲ. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಯಾದಗಿರಿಯಿಂದ ವಾಪಸು ಬಂದವರು ಅವರೇ ಅಲ್ಲವೆ? ಗಾಡಿ ತಗೋತೀನ್ರಿ, ನಾನೇ ಹೊಡೀತೀನಿ ಎಂದೆ. "ಗಾಡಿ ನಿಮ್ಮ ಬಾಗಲದಾಗ ನಿಂದ್ರಲಿ. ಒಂಬತ್ತಕ್ಕ ಬಿದ್ದ ಮ್ಯಾಲ ಬರ್ರಿ, ಕಳಸ್ತೀವಿ," ಎಂದರು. ಈಗ ಒಂಬತ್ತಕ್ಕೆ ಬಿದ್ದಿದೆ. ಗಾಡಿ ಬಾಗಿಲಲ್ಲಿ ನಿಂತಿದೆ. ಗುರುವಾರ ಬರಬೇಕು. ನಮ್ಮ ಕಲಬುರಗಿ ಕಾಲೇಜಿನ ಇಂಗ್ಲಿಷ್ ಸರ್ ಪರೀಕ್ಷೆ ಹತ್ತಿರ ಬಂದಾಗಲೆಲ್ಲ 'ಹೋಪ್ ಫಾರ್ ದಿ ಬೆಸ್ಟ್' ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು, ಅಂದರೆ ಒಳ್ಳೆಯದಾಗುತ್ತದೆಂದು ನಂಬಿ. ಅದಕ್ಕೆ ಇನ್ನೊಂದು ಅರ್ಧ ಇತ್ತು. ಎಷ್ಟು ಯೋಚಿಸಿದರೂ ಆ ಅರ್ಧ ಬರವಲ್ಲದು.

ಈಗ ನಿನಗೆ ನಗು ಬರುವ ಸಂಗತಿ. ನಿನ್ನನ್ನು ಕರೆತರುವ ದಾರಿಯನ್ನು ನಾನು ಮೊದಲೇ ಅಳೆದಿದ್ದೇನೆ. ಹೊಸ ಕಾಲುವೆಗೆ ಪೂರ್ತಿ ನೀರು ಬಿಡುವ ಮೊದಲು ಸ್ವಲ್ಪ ನೀರು ಬಿಟ್ಟು ಎಲ್ಲಿ ಜಿನುಗುತ್ತದೆ ನೋಡುತ್ತಿದ್ದೆವಲ್ಲ, ಹಾಗೆ. ಎರಡು ವಾರದ ಹಿಂದೆ ಮೈನುದ್ದೀನ, ಗೌಹರಬೇಗಂ ಇಬ್ಬರನ್ನೂ ಕರೆಸಿ, ಮೈನುದ್ದೀನನನ್ನು ಮುಂದೆ, ಗೌಹರಬೇಗಂಳನ್ನು ಹಿಂದೆ ನೀನು ಕೂರಬೇಕಾದ ಜಾಗದಲ್ಲಿ ಕೂರಿಸಿದೆ. ನಿಮ್ಮವ್ವನ ಹಿತ್ತಾಳೆ ತಂಬಿಗೆಯಲ್ಲಿ ಕಂಠಮಟ ನೀರು ತುಂಬಿ ಆಕೆಯ ತೊಡೆಯ ಮೇಲೆ ಇಡಿಸಿದೆ. ನೀರು ಚೆಲ್ಲಿದಲ್ಲೆಲ್ಲ ಹೇಳಬೇಕು, ನಾನು ಆ ಜಾಗ ನೆನಪಿಟ್ಟುಕೊಳ್ಳಬೇಕು. "ಈ ವಯಸ್ಸಿನ್ಯಾಗ ನನ್ನ ಬಸುರಿ ಮಾಡಿ ಕುಂದರ್ಸೀರಿ," ಎಂದು ಆಕೆ ನಕ್ಕಳು. ಯಾದಗಿರಿಯ ಭೀಮಾ ಸೇತುವೆಯವರೆಗೆ ಹೋದೆವು. ಹಿಂದಿನಿಂದ "ಚೆಲ್ತ್ರಿ" ಎಂದಳು, ಸ್ವಲ್ಪ ಹೊತ್ತಿಗೆ ಮತ್ತೆ "ಚೆಲ್ತ್ರಿ" ಎಂದಳು, ನಂತರ "ಇನ್ನ ತಂಬಿಗಿನ್ಯಾಗ ಏನೂ ಉಳದಿಲ್ರಿ, ನನ್ನ ಸೀರ್ಯಾಗ ಅದ" ಎಂದಳು. ಮುಂದೆ ಮೈನುದ್ದೀನ ತಗ್ಗು ಬಂದಲ್ಲೆಲ್ಲ ಇಲ್ಲದ ಬಲಗಾಲಿನಿಂದ ಬ್ರೇಕು ಒತ್ತುತ್ತಿದ್ದ. ಪ್ಯಾಂಟಿನ ಖಾಲಿ ತುದಿ ಅಲ್ಲಾಡುವುದು ಕಾಣುತ್ತಿತ್ತು. "ಕಾಲು ಹೋದ್ರೂ ನೌಕರಿ ಬಿಟ್ಟಿಲ್ರಿ ಸಾಬ್ರ ಇದು," ಎಂದ. ಸೇತುವೆಯ ಹತ್ತಿರ ಹೋಟೆಲಿನಲ್ಲಿ ಮತ್ತೆ ತಂಬಿಗೆ ತುಂಬಿಸಿಕೊಂಡೆವು. ಭಜಿ ತಿಂದೆವು. ಹಳೆಯ ಗೇಟುಗಳ, ಹಳೆಯ ಇಂಜಿನಿಯರರ ಮಾತು ಶುರುವಾಯಿತು. ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ಮರಳುವಾಗ ಡಾಂಬರು ರಸ್ತೆ ಬಿಟ್ಟು ನಮ್ಮ ಕ್ಯಾಂಪಿನ ಕಾಲುವೆ ದಂಡೆಗೆ ಇಳಿದಾಗ ಸೂರ್ಯ ಮುಳುಗಿದ್ದ. ಲೈಟು ಹಾಕಿದರೂ ಹಾಕದ ಹಾಗೆ ಇರುತ್ತದಲ್ಲ, ಅಂಥ ಹೊತ್ತು. ನಾನು ಹೆದರಲಿಲ್ಲ. ಆ ದಂಡೆಯ ಮೇಲೆ ಆಯುಷ್ಯ ಕಳೆದವನು ನಾನು. ದಾರಿ ಗರಸು ಮಣ್ಣಿನದು, ಬೆಳ್ಳಗೆ ಕಾಣುತ್ತದೆ. ಪಕ್ಕದಲ್ಲಿ ಖಾಲಿ ಕಾಲುವೆ, ಕರ್ರಗೆ ಕಾಣುತ್ತದೆ. ಬಿಳಿಯದನ್ನು ಹಿಡಿದು ಹೋದರೆ ಮನೆ ಬರುತ್ತದೆ. ಬೇರೇನೂ ಕಾಣದಿದ್ದರೂ ಚಿಂತೆಯಿಲ್ಲ, ಬಿಳಿ ಕಂಡರೆ ಸಾಕು. ನಾನು ಬಿಳಿಯದನ್ನೇ ಹಿಡಿದೆ ರೇಣಾ. ಆದರೆ ನಮ್ಮ ಕಾಲುವೆಗೆ ನೀರಿನ ಸರದಿ ಅವತ್ತೇ ಮಧ್ಯಾಹ್ನ ಬಂದಿತ್ತು. ದಂಡೆಯವರೆಗೂ ತುಂಬಿದ ನೀರು ಆಕಾಶದ ಬೆಳಕನ್ನೆಲ್ಲ ಎಳೆದುಕೊಂಡು ದಾರಿಗಿಂತ ಬೆಳ್ಳಗೆ ಹಾಸಿತ್ತು. ದಾರಿಯೇ ಕಪ್ಪಾಗಿತ್ತು. ಎಷ್ಟೋ ವರ್ಷ ಆ ಗೇಟು ಎತ್ತಿಸಿದವನು, ನೀರು ಬಿಟ್ಟ ದಿನ ಬಿಳಿ ಯಾವುದು ಕಪ್ಪು ಯಾವುದು ಎಂದು ತಿಳಿಯದೆ, ನುಣ್ಣನೆಯ ದಾರಿ ಸಿಕ್ಕಿತೆಂದು ನೀರಿನ ಕಡೆಗೇ ಸ್ಟೇರಿಂಗು ತಿರುಗಿಸಿದೆ.

ಮೈನುದ್ದೀನ "ಸಾಬ್ರ" ಎಂದದ್ದು ಕೇಳಿಸಿತು, ಅಷ್ಟೇ. ಮುಂದಿನ ಎಡಗಾಲಿ ದಂಡೆ ಬಿಟ್ಟು ಕೆಳಗಿಳಿಯಿತು. ಹಿಂದಿನಿಂದ ಒಂದು ಕೈ ನಮ್ಮಿಬ್ಬರ ನಡುವೆ ತೂರಿ ಬಂದು ಹ್ಯಾಂಡ್ ಬ್ರೇಕನ್ನು ಬೇರುಸಹಿತ ಕೀಳುವ ಹಾಗೆ ಎಳೆಯಿತು. ಗಾಡಿ ಅಡ್ಡ ತಿರುಗಿ, ನಾನೇ ಯಾವ ಕಾಲದಲ್ಲೋ ನೆಡಿಸಿದ ಕಾಲುವೆಯ ಕಲ್ಲಿಗೆ ಬಂಪರ್ ತಾಗಿಸಿ ನಿಂತಿತು. ನೀರು ಕೆಳಗೆ ಸದ್ದಿಲ್ಲದೆ ಹೋಗುತ್ತಿತ್ತು. ಗೌಹರಬೇಗಂ ಬುಡ ಮೇಲಾದ ತಂಬಿಗೆಯನ್ನು ಎತ್ತಿ ಸೀಟಿನ ಮೇಲೆ ಇಟ್ಟು, ಇಳಿದು ಬಂದು, ನನ್ನ ಬಾಗಿಲು ತೆಗೆದು, "ಆಕಡಿ ಸರೀರಿ ಭಾಯಿ," ಎಂದಳು. ನಾನು ಮೈನುದ್ದೀನನ ಜೊತೆ ಒಂದೇ ಸೀಟಿನಲ್ಲಿ ಒತ್ತಿ ಕುಳಿತೆ. ಆಕೆ ಹಿಂದಕ್ಕೆ ತೆಗೆದು, ದಾರಿಗೆ ತಂದು, ಮನೆಯವರೆಗೆ ಹೊಡೆದಳು. ದಾರಿಯಲ್ಲಿ ಒಂದೇ ಮಾತು ಆಡಿದಳು. "ನಾ ಕುಂತ ಜಾಗದಾಗ ರೇಣಮ್ಮ ಕುಂದರಾಕಿ ಅಲ್ಲೇನ್ರಿ?"

ಹಳೆ ಬಲ್ಬಿನ ಕಾರುಬಾರು ಅದು. ಮಾರನೆಯ ದಿನವೇ ಶಹಾಪುರಕ್ಕೆ ಒಯ್ದು ಎರಡೂ ಬಲ್ಬು ಬದಲಾಯಿಸಿದೆ. ಮೆಕ್ಯಾನಿಕ್ ಹಳೆಯವನ್ನು ಹೊತ್ತಿಸಿ ನೋಡಿ, ಇವು ಚಲೋನೇ ಅವಲ್ರಿ ಎಂದ. ಅವನಿಗೇನು ಗೊತ್ತು. ಬಂಪರಿನ ಗೀರು ತಿಕ್ಕಿಸಿದೆ, ನೋಡಿದರೆ ಗೊತ್ತಾಗುವುದಿಲ್ಲ. ಲಾಲಮ್ಮನಿಗೆ ಹೇಳಿಲ್ಲ. ನಿನಗೂ ಹೇಳಬಾರದೆಂದೇ ಇದ್ದೆ, ತುಂಬಿದ ಬಸುರಿಗೆ ಇಂಥದು ಯಾಕೆ ಎಂದು. ನಿಮ್ಮವ್ವ ಇದ್ದಿದ್ದರೆ "ನಿಮ್ಮಪ್ಪಗ ನೀರು ಬಿಟ್ರ ಬ್ಯಾರೆ ಏನೂ ಕಾಣಾಂಗಿಲ್ಲ" ಎಂದು ಯಾವಾಗಲೂ ಅನ್ನುತ್ತಿದ್ದ ಮಾತನ್ನೇ ಅನ್ನುತ್ತಿದ್ದಳು. ಗುರುವಾರ ಹೇಗಿದ್ದರೂ ಬೆಳಿಗ್ಗೆಯೇ ಹೊರಡುತ್ತೇವೆ. ಯಾದಗಿರಿ ದಾರಿಯ ತಗ್ಗು ದಿನ್ನೆಗಳು ಒಂದೊಂದೂ ನನ್ನ ತಲೆಯಲ್ಲಿವೆ. ತಂಬಿಗೆಯ ನೀರು ತುಳುಕದ ಹಾಗೆ ತರುತ್ತೇನೆ. ಒಮ್ಮೆ ನೀನು ಮನೆ ಸೇರಿದರೆ ಶಹಾಪುರದ ಆಸ್ಪತ್ರೆ ಒಂದು ಬೀಡಿ ಸೇದುವಷ್ಟರ ದಾರಿ. ಬ್ಯಾನೆ ಹಗಲೇ ಬರುತ್ತದೆ, ನನ್ನ ಮನಸ್ಸು ಹಾಗೆ ಹೇಳುತ್ತದೆ. ನೀನೂ ಹುಟ್ಟಿದ್ದು ಹಗಲೇ, ನೆತ್ತಿಯ ಮೇಲೆ ಸೂರ್ಯ ಇದ್ದಾಗ

ಅಕ್ಷರಗಳು ಒಂದರ ಮೇಲೊಂದು ಬೀಳಲು ಶುರುವಾಗಿವೆ. ಬೆಳಕು ಹೋಗುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ. ಅಳಿಯಂದಿರಿಗೂ ಬೀಗರಿಗೂ ನನ್ನ ಶರಣು ತಿಳಿಸು. ನಿನ್ನ ಮಡಿಲು ತಂಪಾಗಿರಲಿ, ಹೋದದ್ದರ ಪಾಲಿನ ಆಯುಷ್ಯವೂ ಬರುವುದಕ್ಕೆ ಸೇರಲಿ.

ನಿನ್ನ ಅಪ್ಪ,
ಅಮರಪ್ಪ

ತಾ.ಕ.: ಮಡಚಿ ಜೇಬಿಗಿಟ್ಟು ಇಳಿಯೋಣವೆಂದು ತಲೆಯೆತ್ತಿದರೆ ಮನೆಯ ಬಾಗಿಲು ಇಲ್ಲ. ನಾನೇ ಕಟ್ಟಿಸಿದ ಮನೆ, ಎದುರಿಗೇ ಇದೆ, ಒಳಗೆ ಲಾಲಮ್ಮ ಯಾರಿಗೋ ಬೈಯುವುದು ಕೇಳಿಸುತ್ತದೆ. ಬಾಗಿಲು ಮಾತ್ರ ಇಲ್ಲ. ಗಾಡಿಯೊಳಗಿನ ಸಣ್ಣ ದೀಪ ಹಾಕಿಕೊಂಡಿದ್ದೇನೆ. ಕಾಗದ ಕಾಣುತ್ತದೆ, ಗಾಜಿನ ಆಚೆ ಏನೂ ಕಾಣುವುದಿಲ್ಲ. ಬ್ಯಾಟರಿ ಇಳಿಯುತ್ತದೆ, ಬೇಗ ಬರೆಯುತ್ತೇನೆ. ಬಲ್ಬಿನದು ತಪ್ಪಲ್ಲ ರೇಣಾ. ಕಳೆದ ವಾರ ಗೌಹರಬೇಗಂ ನನ್ನನ್ನು ಯಾದಗಿರಿಯ ಕಣ್ಣಿನ ಡಾಕ್ಟರರ ಹತ್ತಿರ ಎಳೆದುಕೊಂಡು ಹೋಗಿದ್ದಳು. ಹಗಲು ಪರವಾಗಿಲ್ಲ, ಕತ್ತಲಾದ ಮೇಲೆ ಸ್ಟೇರಿಂಗು ಮುಟ್ಟಬೇಡಿ, ಇದು ಚಷ್ಮಾದಿಂದ ಹೋಗುವಂಥದಲ್ಲ ಎಂದರು. ಅವತ್ತು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ಆಕೆ ಕೈ ಮುಂದೆ ಚಾಚಿ, "ನನ್ನ ಕೈಯಾಗ ಏನದ ಹೇಳ್ರಿ ಭಾಯಿ?" ಎಂದಳು. ಎಲೆ ಅಡಕೆ ಎಂದೆ. ಅದು ಎರಡನೆಯ ಚಾವಿ. ಕಳೆದಿರಲೇ ಇಲ್ಲ. ಚಹಾದ ಕಪ್ಪು ಉರುಳಿದ ದಿನವೇ ಆಕೆಗೆ ತಿಳಿದಿತ್ತಂತೆ. "ಎತ್ತು ಮಾರಿದವರು ಹಗ್ಗ ಕೊಡ್ತಾರೇನ್ರಿ? ಹಗಲಿ ಗಾಡಿ ನಿಮ್ದು, ಇರುಳಿ ಗಾಡಿ ನಂದು. ಹೂಂ ಅನ್ರಿ, ಹೊಲಿಗಿ ಮಷೀನು, ಈ ಮನುಷ್ಯಾ, ಎರಡೂ ತಗೊಂಡು ಬಂದು ಕೂಸು ಮನಿಗಿ ಬರೋತನಕ ನಿಮ್ಮ ಪಡಸಾಲ್ಯಾಗ ಇರ್ತೀನಿ. ಕೂಸಿನ ತಲಿಗಿ ಕುಂಚಗಿ ಹೊಲಿಯಾಕ ಯಾರರ ಬೇಕಲ್ಲ," ಎಂದಳು. ನಾನು ಹೂಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಮಾತು ತೇಲಿಸಿದೆ. ನಾನೇ ಹೊಡೀತೀನಿ ಎಂದು ನಿಮ್ಮ ಮನೆಯಲ್ಲಿ ಎಲ್ಲರ ಮುಂದೆ ಅಂದು ಬಂದವನು, ಬೇರೆಯವರ ಮನೆಯ ಹೆಣ್ಣುಮಗಳ ಕೈಗೆ ನಿನ್ನನ್ನು ಕೊಟ್ಟೆನೆಂದರೆ ನಿನ್ನ ಅತ್ತೆ ಕಳಿಸುತ್ತಾರೋ ಇಲ್ಲವೋ ಎಂಬ ಹೆದರಿಕೆ. ಇಂಗ್ಲಿಷ್ ಸರ್ ಬರೆಯುತ್ತಿದ್ದ ಇನ್ನರ್ಧ ಈಗ ನೆನಪಾಯಿತು, 'ಪ್ರಿಪೇರ್ ಫಾರ್ ದಿ ವರ್ಸ್ಟ್'. ಕೆಟ್ಟದ್ದಕ್ಕೆ ತಯಾರಿ ಮಾಡಿಟ್ಟುಕೊಂಡಿರು ಎಂದು. ಬ್ಯಾನೆ ಹಗಲೇ ಬರುತ್ತದೆಂದು ನಾನು ಮೇಲೆ ಬರೆದದ್ದನ್ನು ಹೊಡೆದು ಹಾಕು. ಇವತ್ತೇ ಗೌಹರಬೇಗಂಗೆ ಹೂಂ ಅನ್ನುತ್ತೇನೆ. ಒಬ್ಬಳೇ ಓದು ಎಂದಿದ್ದೆ, ಅದೂ ಬೇಡ. ಈ ತಾ.ಕ.ವನ್ನು ದೇವಕಮ್ಮನವರಿಗೆ ಓದಿ ಹೇಳು, ಒಂದಕ್ಷರ ಬಿಡಬೇಡ. ಕಾಲುವೆಯದನ್ನೂ ಹೇಳು. ದಂಡೆಯ ಮೇಲೆ ಯಾರಿದ್ದಾರೆ ಎಂದು ಕೇಳಿದವರು ಅವರು, ಅದಕ್ಕೆ ಸರಿಯಾದ ಉತ್ತರ ಈಗ ಕೊಡುತ್ತಿದ್ದೇನೆ. ಕೇಳಿದ ಮೇಲೂ ಬೇಡ ಎಂದರೆ, ಬೇಡ ಅನ್ನುವ ಹಕ್ಕು ಅವರಿಗಿದೆ. ನಾಳೆ ಸಂಜೆ ಫೋನು ಮಾಡುತ್ತೇನೆ. ಎತ್ತಿದ ಕೂಡಲೇ ಸ್ಪೀಕರ್ ಹಾಕು. ಈ ಸಲ ನಾನು ಕಟ್ ಮಾಡುವುದಿಲ್ಲ.